ಜೋಡಿ ಸಂಗೀತ ಕಛೇರಿಯಲ್ಲಿ ಯಾರು ಯಾವಾಗ ಉಸಿರು ಎಳೆಯುತ್ತಾರೆ?

ಕಳೆದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಕುಶಾಲನಗರದ ಒಂದು ಪೆಂಡಾಲಿನಲ್ಲಿ ಅಕ್ಕ ತಂಗಿ ಇಬ್ಬರು ಹಾಡಿದರು. ದೊಡ್ಡವಳಿಗೆ ಹದಿನಾರು ಇರಬಹುದು, ಚಿಕ್ಕವಳಿಗೆ ಹದಿಮೂರು. ಮೇಲೆ ತಗಡಿನ ಶೀಟು, ಶೀಟಿನ ಮೇಲೆ ಕೊಡಗಿನ ಮಳೆ. ಥಂಡಿಗೆ ಚರ್ಮ ಸಡಿಲಾಗಿ ಮೃದಂಗದವರು ಎರಡು ಹಾಡಿಗೊಮ್ಮೆ ಕಲ್ಲು ತೆಗೆದುಕೊಂಡು ತಟ್ಟಿ ಶ್ರುತಿ ಸರಿ ಮಾಡುತ್ತಿದ್ದರು. ಆ ಗಲಾಟೆಯಲ್ಲೂ ಆ ಮಕ್ಕಳ ಹಾಡು ಒಂದೇ ಎಳೆಯಾಗಿ ಬಂತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಯಾವುದೋ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ನನ್ನ ಕಡೆ ಬಾಗಿ "ಒಬ್ಬಳೇ ಹಾಡಿದ ಹಾಗಿದೆ ಅಲ್ವಾ? ಒಂದೇ ರಕ್ತ ನೋಡಿ" ಅಂದರು.

ನಾನು ಹೂಂ ಅಂದೆ. ಮನಸ್ಸು ಹೂಂ ಅನ್ನಲಿಲ್ಲ. ನಾನೂ ನನ್ನಕ್ಕನೂ ಒಂದೇ ರಕ್ತ. ಒಂದೇ ಮೇಷ್ಟ್ರ ಹತ್ತಿರ, ಒಂದೇ ಚಾಪೆ ಮೇಲೆ ಕೂತು ಆರು ವರ್ಷ ಪಾಠ ಹೇಳಿಸಿಕೊಂಡೆವು. ಬೇರೆ ಬೇರೆ ಹಾಡಿದರೆ ಇಬ್ಬರೂ ಪರವಾಗಿಲ್ಲ. ಒಟ್ಟಿಗೆ ಹಾಡಿದರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಹಾಗೆ. ಕೊನೆಗೆ ಮೇಷ್ಟ್ರೇ ನಮ್ಮನ್ನು ಬೇರೆ ಬೇರೆ ದಿನ ಬನ್ನಿ ಅಂದರು.

ಆ ಮಕ್ಕಳಿಗೆ ಬಂದದ್ದು ನಮಗೆ ಯಾಕೆ ಬರಲಿಲ್ಲ? ಅವತ್ತಿನಿಂದ ಈ ಪ್ರಶ್ನೆ ಬಿಟ್ಟಿಲ್ಲ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಜೋಡಿಗಳು ಇಷ್ಟೊಂದಿವೆ. ಅವರು ವೇದಿಕೆ ಮೇಲೆ ನಿಜವಾಗಿ ಏನು ಮಾಡುತ್ತಾರೆ ಅಂತ ಬಿಡಿಸಿ ನೋಡೋಣ.

ರಕ್ತದ ಪಾಲು ಎಷ್ಟು

ರೈಟರ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ದನಿ ಹುಟ್ಟುವುದು ಗಂಟಲಿನೊಳಗಿನ ಎರಡು ಸಣ್ಣ ಪದರಗಳ ಕಂಪನದಿಂದ. ಅದಕ್ಕೆ ಬಣ್ಣ ಬರುವುದು ಗಂಟಲು, ಬಾಯಿ, ಮೂಗಿನ ಟೊಳ್ಳಿನಲ್ಲಿ. ಒಂದೇ ಮನೆಯ ಮಕ್ಕಳಿಗೆ ಈ ಟೊಳ್ಳಿನ ಆಕಾರ ಹೆಚ್ಚು ಕಡಿಮೆ ಒಂದೇ ಥರ ಬಂದಿರುತ್ತದೆ. ಫೋನಿನಲ್ಲಿ ಅಕ್ಕನ ಬದಲು ತಂಗಿ ಹಲೋ ಅಂದರೆ ನೆಂಟರು ಮೋಸ ಹೋಗುವುದು ಇದಕ್ಕೇ. ಜೊತೆಗೆ ಮನೆಮಾತೂ ಒಂದೇ. 'ಆ' ಅನ್ನುವುದಕ್ಕೆ ಎಷ್ಟು ಬಾಯಿ ತೆರೆಯಬೇಕು, 'ಳ' ಎಷ್ಟು ಗಟ್ಟಿ ಅನ್ನುವುದನ್ನು ಸಂಗೀತದ ಮೇಷ್ಟ್ರಿಗಿಂತ ಮೊದಲು ಅಮ್ಮ ಕಲಿಸಿರುತ್ತಾಳೆ.

ಇಬ್ಬರ ದನಿ ಒಂದೇ ಸ್ವರದಲ್ಲಿ ಕೂಡದಿದ್ದರೆ ಏನಾಗುತ್ತದೆ? ಒಬ್ಬಳ ಷಡ್ಜ, ಅಂದರೆ 'ಸ' ಸ್ವರ, ಸೆಕೆಂಡಿಗೆ 200 ಸಲ ಕಂಪಿಸುತ್ತದೆ, ಇನ್ನೊಬ್ಬಳದು 203 ಸಲ ಅಂದುಕೊಳ್ಳಿ. ಆಗ ಕಿವಿಗೆ ಸೆಕೆಂಡಿಗೆ ಮೂರು ಸಲ ಏರಿ ಇಳಿಯುವ ಒಂದು ಅಲೆ ಕೇಳುತ್ತದೆ. ತಂಬೂರಿ ಶ್ರುತಿ ಮಾಡುವವರು ಕಣ್ಣು ಮುಚ್ಚಿ ಹುಡುಕುವುದು ಈ ಅಲೆಯನ್ನೇ. ತಂತಿ ಬಿಗಿಯಾಗುತ್ತಾ ಹೋದ ಹಾಗೆ ಅಲೆ ನಿಧಾನವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಅಲ್ಲಿಗೆ ಶ್ರುತಿ ಸೇರಿತು. ಒಬ್ಬರೇ ಹಾಡುವಾಗ ಸಣ್ಣ ತಪ್ಪು ತಂಬೂರಿಗೆ ಮಾತ್ರ ತಾಗುತ್ತದೆ. ಇಬ್ಬರಿದ್ದರೆ ಪಕ್ಕದವರಿಗೂ ತಾಗುತ್ತದೆ.

ಇನ್ನೊಂದು ಮಾತು. ಇಬ್ಬರು ಹಾಡಿದರೆ ಸದ್ದು ಎರಡು ಪಟ್ಟು ಅಂತ ತಿಳಿದವರಿದ್ದಾರೆ. ಹಾಗೇನೂ ಆಗುವುದಿಲ್ಲ. ಸಮ ಗಾತ್ರದ ಎರಡು ದನಿ ಸೇರಿದರೆ ಹೆಚ್ಚುವುದು ಸುಮಾರು 3 ಡೆಸಿಬೆಲ್. ಕಿವಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅಷ್ಟೇ. ಬದಲಾಗುವುದು ದನಿಯ ಮೈಕಟ್ಟು. ಎರಡೆಳೆ ಸೇರಿಸಿ ಹೊಸೆದ ಬತ್ತಿಯ ಹಾಗೆ.

ನಾವು ಸೋತ ಜಾಗ

ನಾನೂ ಅಕ್ಕನೂ ಸೋತದ್ದು ಸಾಲಿನ ಕೊನೆಯ ಅಕ್ಷರದಲ್ಲಿ. ಕೊನೆಗೆ 'ಮ್' ಬಂದರೆ ಅವಳು ತುಟಿ ಬೇಗ ಮುಚ್ಚುತ್ತಿದ್ದಳು, ನಾನು ತಡ. ಎರಡು 'ಮ್' ಕೇಳುತ್ತಿತ್ತು. "ಬಾಗಿಲು ತೆಗೆಯೋದು ಇಬ್ಬರಿಗೂ ಬರುತ್ತೆ, ಮುಚ್ಚೋದು ಕಲೀರಿ" ಅಂತ ಮೇಷ್ಟ್ರು ರೇಗುತ್ತಿದ್ದರು. ನಾನು ಅಕ್ಕನ ಬಾಯಿ ನೋಡಿಕೊಂಡು ಮುಚ್ಚಲು ಶುರು ಮಾಡಿದೆ. ಇನ್ನೂ ಕೆಟ್ಟಿತು.

ಕಾರಣ ಸರಳ. ನೋಡಿ ಅಥವಾ ಕೇಳಿ, ಆಮೇಲೆ ಮಾಡಿದರೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುತ್ತದೆ. ಹಾಡಿನಲ್ಲಿ ಅದು ದೊಡ್ಡ ತಡ. ಮೇಷ್ಟ್ರು ಒಂದು ದಿನ ನಮ್ಮನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ಇಬ್ಬರೂ ತಾಳ ಹಾಕಬೇಕು, ಒಬ್ಬರ ಮುಖ ಒಬ್ಬರು ನೋಡಬಾರದು. ಅವತ್ತು ಅರ್ಧಕ್ಕರ್ಧ ಸರಿಹೋಯಿತು. ಇಬ್ಬರೂ ತಾಳವನ್ನು ಹಿಂಬಾಲಿಸಿದಾಗ ಇಬ್ಬರೂ ಒಂದೇ ಕಡೆ ಇರುತ್ತಾರೆ. ಒಬ್ಬರು ಇನ್ನೊಬ್ಬರನ್ನು ಹಿಂಬಾಲಿಸಿದರೆ ಯಾವಾಗಲೂ ಹಿಂದೆಯೇ.

ಶ್ರುತಿಗೂ ಇದೇ ನಿಯಮ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಹೋಯಿತು. ಒಂದು ಸಂಜೆ ಪಾಠದ ನಡುವೆ ಶ್ರುತಿಪೆಟ್ಟಿಗೆ ನಿಂತಿತು. ನಾವು ಹಾಡುತ್ತಲೇ ಇದ್ದೆವು, ತುಂಬ ಚೆನ್ನಾಗಿ ಕೂಡಿದೆ ಅನ್ನಿಸುತ್ತಿತ್ತು. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಪೆಟ್ಟಿಗೆಯ ಶ್ರುತಿ ಮೇಲಿತ್ತು, ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕೆಳಗೆ ಇಳಿದಿದ್ದೆವು. ಆಸರೆ ಇಲ್ಲದೆ ಹಾಡುವ ದನಿಗಳು ನಿಧಾನಕ್ಕೆ ಜಾರುತ್ತವೆ. ಜೊತೆಗಾರ ಕೂಡ ಜಾರಿದರೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಜೋಡಿ ಹಾಡುಗಾರಿಕೆಯಲ್ಲಿ ಇಬ್ಬರೂ ಕಿವಿ ಕೊಡಬೇಕಾದದ್ದು ಮೂರನೆಯ ಒಂದಕ್ಕೆ. ಶ್ರುತಿಗೆ ತಂಬೂರಿ, ಕಾಲಕ್ಕೆ ತಾಳ. ಇದು ನಮಗೆ ತಡವಾಗಿ ಅರ್ಥವಾಯಿತು.

ಗಮಕದ, ಅಂದರೆ ಸ್ವರವನ್ನು ಆಡಿಸುವುದರ, ವಿಷಯ ಇನ್ನೂ ಸೂಕ್ಷ್ಮ. ತೋಡಿ ರಾಗದ ಗಾಂಧಾರವನ್ನು, ಅಂದರೆ 'ಗ' ಸ್ವರವನ್ನು, ಸುಮ್ನೆ ನಿಲ್ಲಿಸಿ ಹಾಡುವಂತಿಲ್ಲ, ತೂಗಬೇಕು. ಎಷ್ಟು ಅಗಲಕ್ಕೆ, ಯಾವ ವೇಗದಲ್ಲಿ ಅಂತ ಸ್ವರಲಿಪಿ ಹೇಳುವುದಿಲ್ಲ. ಒಂದೇ ಕೃತಿಯನ್ನು ಎರಡು ಗುರುಗಳ ಶಿಷ್ಯರು ಬೇರೆ ಬೇರೆ ಸಂಗತಿ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ) ಹಾಕಿ ಹಾಡುತ್ತಾರೆ. ಇದಕ್ಕೆ ಪಾಠಾಂತರ ಅನ್ನುತ್ತಾರೆ. ಜೋಡಿಗೆ ಪಾಠಾಂತರ ಒಂದೇ ಇರಬೇಕು, ಸಂಗತಿಗಳ ಲೆಕ್ಕ ಒಂದೇ ಇರಬೇಕು, ತೂಗುವ ರೀತಿ ಒಂದೇ ಇರಬೇಕು. ಅಕ್ಕ ತಂಗಿಯರಿಗೆ ದೊಡ್ಡ ಅನುಕೂಲ ಇರುವುದು ಇಲ್ಲೇ. ಒಂದೇ ದಿನ, ಒಂದೇ ಗುರು, ಒಂದೇ ಪಾಠ. ಗುರು ಹೋದ ಮೇಲೂ ಮನೆಯಲ್ಲಿ ತಿದ್ದಲು ಒಬ್ಬರು ಇದ್ದೇ ಇರುತ್ತಾರೆ. ರಂಜನಿ ಮತ್ತು ಗಾಯತ್ರಿ ಮೊದಲು ಹೆಸರಾದದ್ದು ಪಿಟೀಲಿನ ಜೋಡಿಯಾಗಿ, ಹಾಡಿಗೆ ಬಂದದ್ದು ಆಮೇಲೆ. ಅವರ ಗಮಕಗಳು ಅಷ್ಟು ಕೂಡಿ ಬರುವುದಕ್ಕೆ ಬೆರಳುಗಳು ಮೊದಲೇ ಒಟ್ಟಿಗೆ ಓಡಾಡಿದ್ದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಈಗ ಉಸಿರಿನ ವಿಷಯ. ಉದ್ದದ ಸಾಲೊಂದು ಬಂದಾಗ ಇಬ್ಬರೂ ಒಂದೇ ಕಡೆ ಉಸಿರು ತೆಗೆದುಕೊಂಡರೆ ಹಾಡಿನಲ್ಲಿ ತೂತು ಬೀಳುತ್ತದೆ. ಪಳಗಿದ ಜೋಡಿ ಹಾಗೆ ಮಾಡುವುದಿಲ್ಲ. ಒಬ್ಬರು ಸಾಲಿನ ನಡುವೆ ಸದ್ದಿಲ್ಲದೆ ಉಸಿರು ಎಳೆದುಕೊಳ್ಳುತ್ತಾರೆ. ಆ ಕ್ಷಣ ಇನ್ನೊಬ್ಬರು ಸಾಲನ್ನು ಹಿಡಿದಿರುತ್ತಾರೆ. ಮುಂದಿನ ಸಾಲಿಗೆ ಅದಲು ಬದಲು. ಕೇಳುವವರಿಗೆ ಅಬ್ಬಾ, ಎಷ್ಟು ದಮ್ಮು ಅನ್ನಿಸುತ್ತದೆ. ನಿಜವಾಗಿ ಒಬ್ಬರೂ ಅಷ್ಟು ಉದ್ದ ಹಿಡಿದಿರುವುದಿಲ್ಲ.

ಕೊಡಗಿನವರಿಗೆ ಈ ಉಪಾಯ ಹೊಸದಲ್ಲ. ಕೊಡವರ ಹಾಡು ಬಾಳೋಪಾಟ್ ಕೇಳಿದವರು ನೆನಪಿಸಿಕೊಳ್ಳಿ. ನಾಲ್ವರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಮೊದಲಿನವರಿಗೆ ಉಸಿರಿಗೂ ಬಿಡುವು, ಮುಂದಿನ ಸಾಲು ನೆನಪು ಮಾಡಿಕೊಳ್ಳಲೂ ಬಿಡುವು. ಅದಕ್ಕೂ ಕರ್ನಾಟಕ ಸಂಗೀತಕ್ಕೂ ನಂಟು ಹಾಕಲು ಹೊರಟಿಲ್ಲ ನಾನು. ಗಂಟೆಗಟ್ಟಲೆ ಹಾಡಬೇಕಾದವರಿಗೆ ಎಲ್ಲ ಕಡೆಯೂ ಇದೇ ದಾರಿ ಹೊಳೆಯುತ್ತದೆ.

ಮೊದಲೇ ಹಾಡದ್ದನ್ನು ಒಟ್ಟಿಗೆ ಹಾಡುವುದು

ಕೃತಿಯನ್ನು ಒಟ್ಟಿಗೆ ಹಾಡುವುದು ಅಭ್ಯಾಸದ ಮಾತು. ಕೇಳುವವರಿಗೆ ಒಗಟಾಗಿ ಕಾಣುವುದು ಮನೋಧರ್ಮ, ಅಂದರೆ ಅಲ್ಲೇ ಕಟ್ಟಿ ಹಾಡುವ ಭಾಗ. ಮೊದಲೇ ಬರೆದಿಟ್ಟಿಲ್ಲದ್ದನ್ನು ಇಬ್ಬರು ಹೇಗೆ ಹಾಡುತ್ತಾರೆ?

ಸಣ್ಣ ಉತ್ತರ ಏನೆಂದರೆ, ಬಹುಪಾಲು ಒಟ್ಟಿಗೆ ಹಾಡುವುದೇ ಇಲ್ಲ. ಪಾಳಿ ಹಾಕಿಕೊಳ್ಳುತ್ತಾರೆ. ರಾಗ ಆಲಾಪನೆಯಲ್ಲಿ ಒಬ್ಬರು ಮಂದ್ರ, ಮಧ್ಯ (ಕೆಳಗಿನ, ನಡುವಿನ) ಸ್ಥಾಯಿಯಲ್ಲಿ ರಾಗದ ಮುಖ ತೋರಿಸುತ್ತಾರೆ. ಒಂದು ನೆಲೆಯ ಸ್ವರಕ್ಕೆ ಬಂದು ನಿಲ್ಲುತ್ತಾರೆ. ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಂಡು ಮೇಲಿನ ಷಡ್ಜದ ಕಡೆ ನಡೆಯುತ್ತಾರೆ. ಯಾರು ಎಷ್ಟು ಅನ್ನುವುದು ಮನೆಯಲ್ಲೇ ತೀರ್ಮಾನ ಆಗಿರಬಹುದು, ವೇದಿಕೆ ಮೇಲೂ ಬದಲಾಗಬಹುದು. ಮೊದಲಿನವರು ಎಲ್ಲವನ್ನೂ ಹೇಳಿ ಮುಗಿಸಿಬಿಟ್ಟರೆ ಎರಡನೆಯವರಿಗೆ ಏನು ಉಳಿಯಿತು? ಇಲ್ಲಿ ಹೊಳೆದದ್ದನ್ನು ನುಂಗಿಕೊಳ್ಳುವುದೂ ಒಂದು ಕಲೆ. ಜೋಡಿ ಇದ್ದಾಗ ಪಿಟೀಲಿನವರ ಪಾಡು ಯಾರೂ ಹೇಳುವುದಿಲ್ಲ ನೋಡಿ. ಒಬ್ಬರ ಮನಸ್ಸು ಓದಿ ಹಿಂಬಾಲಿಸುವುದೇ ಕಷ್ಟ, ಇವರು ಇಬ್ಬರದ್ದು ಓದಬೇಕು.

ನೆರವಲ್‌ನಲ್ಲಿ ಸಾಹಿತ್ಯದ ಒಂದು ಸಾಲು ಹಿಡಿದು ಪಾಳಿ ಮೇಲೆ ಬೆಳೆಸುತ್ತಾರೆ. ಧಾಟಿ ಎಷ್ಟು ಬದಲಾದರೂ ಅಕ್ಷರಗಳು ತಾಳದ ಅದೇ ಜಾಗದಲ್ಲಿ ಬೀಳಬೇಕು. ಆಮೇಲೆ ಕಲ್ಪನಾಸ್ವರ, ಅಂದರೆ ಸಾಹಿತ್ಯ ಬಿಟ್ಟು ಸ ರಿ ಗ ಅಂತ ಸ್ವರಗಳನ್ನೇ ಅಲ್ಲೇ ಕಟ್ಟಿ ಹಾಡುವುದು. ಜೋಡಿ ಕಛೇರಿಯಲ್ಲಿ ಸಭೆ ಎದ್ದು ಕೂರುವುದು ಇಲ್ಲಿ. ಒಬ್ಬರು ಎರಡು ಆವರ್ತನೆ (ತಾಳದ ಸುತ್ತು) ಸ್ವರ ಹಾಡಿದರೆ ಇನ್ನೊಬ್ಬರೂ ಎರಡು. ಆಮೇಲೆ ಒಂದೊಂದು. ಆಮೇಲೆ ಅರ್ಧ, ಕಾಲು. ಹೀಗೆ ಕಡಿಮೆ ಮಾಡುತ್ತಾ ಹೋಗುವುದಕ್ಕೆ ತಮಿಳಿನಿಂದ ಬಂದ ಕುರೈಪ್ಪು ಅನ್ನುವ ಮಾತೇ ನಮ್ಮಲ್ಲೂ ನಡೆಯುತ್ತದೆ. ಕೊನೆಗೆ ಇಬ್ಬರೂ ಸೇರಿ ಮಿಂಚಿನ ಹಾಗೆ ಒಂದು ಮುಕ್ತಾಯ ಹಾಡಿ ಸರಿಯಾಗಿ ಎಡುಪ್ಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಂದು ಬೀಳುತ್ತಾರೆ. ಚಪ್ಪಾಳೆ.

ಆ ಮುಕ್ತಾಯದಲ್ಲಿ ಮನಸ್ಸು ಓದುವ ಪವಾಡ ಏನೂ ಇಲ್ಲ. ಕೂಡಿಸುವ ಲೆಕ್ಕ ಇದೆ. ಆದಿತಾಳಕ್ಕೆ 8 ಅಕ್ಷರ. ಅಕ್ಷರಕ್ಕೆ 4 ಮಾತ್ರೆ ಹಿಡಿದರೆ ಒಂದು ಆವರ್ತನೆಗೆ 32 ಮಾತ್ರೆ. ಈಗ 10 ಮಾತ್ರೆಯ ಒಂದು ಸ್ವರಗುಚ್ಛ ತೆಗೆದುಕೊಳ್ಳಿ. ಮೂರು ಸಲ ಹಾಡಿ. 30 ಆಯಿತು. ಮೊದಲನೆಯದರ ನಂತರ ಒಂದು ಮಾತ್ರೆ, ಎರಡನೆಯದರ ನಂತರ ಒಂದು ಮಾತ್ರೆ ಸುಮ್ಮನಿರಿ. 32 ಆಯಿತು. ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಶುರು ಮಾಡಿದರೆ ಸಮಕ್ಕೇ ಬಂದು ಸೇರುತ್ತೀರಿ. ಆ ಹತ್ತರ ಗುಚ್ಛ ಯಾವುದು ಅಂತ ಇಬ್ಬರೂ ಮೊದಲೇ ಕಲಿತಿರುತ್ತಾರೆ. ಅದನ್ನು ಯಾವ ಆವರ್ತನೆಯಲ್ಲಿ ಶುರು ಮಾಡುವುದು ಅನ್ನುವುದು ಮಾತ್ರ ವೇದಿಕೆಯ ತೀರ್ಮಾನ. ಒಬ್ಬರು ಆ ಸುಮ್ಮನಿರುವ ಮಾತ್ರೆಯನ್ನು ಮರೆತರೆ ಮುಗಿಯಿತು. ಒಂದು ಮಾತ್ರೆ ಮೊದಲೇ ಬಂದು ನಿಂತು, ತಂಗಿ ಬರುವುದನ್ನು ಕಾಯಬೇಕಾಗುತ್ತದೆ.

ಸಹೋದರರಲ್ಲದ ಸಹೋದರರು

ಹೀಗೆ ಲಯದ ಲೆಕ್ಕಕ್ಕೆ, ಒಂದೇ ಸಾಲನ್ನು ಲೆಕ್ಕ ಹಾಕಿ ಬೆಳೆಸುವ ಪಲ್ಲವಿಗೆ ಹೆಸರಾದ ಜೋಡಿ ಯಾವುದು ಅಂತ ಹಳೆಯ ರಸಿಕರನ್ನು ಕೇಳಿದರೆ ಆಲತ್ತೂರು ಸಹೋದರರು ಅನ್ನುತ್ತಾರೆ. ಶ್ರೀನಿವಾಸ ಅಯ್ಯರ್ ಮತ್ತು ಶಿವಸುಬ್ರಹ್ಮಣ್ಯ ಅಯ್ಯರ್. ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಜೊತೆ ಅವರ ಕಛೇರಿಗಳು ಇವತ್ತಿಗೂ ಮಾತಿನ ವಿಷಯ. ತಮಾಷೆ ಏನೆಂದರೆ ಅವರಿಬ್ಬರು ಸಹೋದರರೇ ಅಲ್ಲ. ಶಿವಸುಬ್ರಹ್ಮಣ್ಯ ಅಯ್ಯರ್ ಅವರ ತಂದೆ ವೆಂಕಟೇಶ ಅಯ್ಯರ್ ಇಬ್ಬರಿಗೂ ಗುರು. ಒಂದೇ ಮನೆಯಲ್ಲಿ ಒಂದೇ ಪಾಠ ಆಯಿತು, ಊರಿನವರು ಅಣ್ಣ ತಮ್ಮ ಮಾಡಿಬಿಟ್ಟರು.

ರಾಧಾ ಮತ್ತು ಜಯಲಕ್ಷ್ಮಿ ಒಡಹುಟ್ಟಿದವರಲ್ಲ, ಸೋದರ ಸಂಬಂಧದವರು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಶಿಷ್ಯೆಯರು. ಇವರ ಹತ್ತಿರ ಕಲಿತ ಷಣ್ಮುಖಪ್ರಿಯ ಮತ್ತು ಹರಿಪ್ರಿಯ ಮಾತ್ರ ನಿಜವಾದ ಅಕ್ಕ ತಂಗಿ, ಪ್ರಿಯಾ ಸಿಸ್ಟರ್ಸ್ ಅಂತ ಹೆಸರಾದರು. ಜೋಡಿಯ ಹತ್ತಿರ ಜೋಡಿ ಕಲಿತರೆ ಪಾಳಿ ಹಂಚಿಕೊಳ್ಳುವುದೂ ಪಾಠದ ಜೊತೆಗೇ ಬರುತ್ತದೆ. ಬಾಂಬೆ ಸಿಸ್ಟರ್ಸ್ ಸರೋಜಾ ಮತ್ತು ಲಲಿತಾ ಸ್ವಂತ ಅಕ್ಕ ತಂಗಿಯೇ. ಆದರೆ ಹುಟ್ಟಿದ್ದು ತ್ರಿಶೂರಿನಲ್ಲಿ, ಬೆಳೆದದ್ದು ಬೊಂಬಾಯಿಯಲ್ಲಿ, ಹಾಡಿ ಹೆಸರು ಮಾಡಿದ್ದು ಮದರಾಸಿನಲ್ಲಿ. 2010ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಬಂದಾಗ ಇಬ್ಬರಿಗೂ ಸೇರಿಯೇ ಬಂತು.

ಹಾಗಾದರೆ ಒಡಹುಟ್ಟಿದವರ ಜೋಡಿಗಳೇ ಯಾಕೆ ಜಾಸ್ತಿ? ಒಂದು, ವಿದ್ಯೆ ಮನೆಯೊಳಗೇ ಇತ್ತು. ಚೆನ್ನೈನ ವೀಣಾ ಧನಮ್ಮಾಳ್ ಅವರ ಮನೆ ನೋಡಿ. ಅವರ ಹೆಣ್ಣುಮಕ್ಕಳು ಜೋಡಿಯಾಗಿ ಹಾಡಿದರು. ಮಗಳು ಕಾಮಾಕ್ಷಿಯ ಮಕ್ಕಳು ಬೃಂದಾ, ಮುಕ್ತಾ. ಬೃಂದಾ ಹುಟ್ಟಿದ್ದು 1912ರಲ್ಲಿ, ಮುಕ್ತಾ 1914ರಲ್ಲಿ. ನರ್ತಕಿ ಬಾಲಸರಸ್ವತಿ ಇವರ ದೊಡ್ಡಮ್ಮನ ಮಗಳು. ಬೃಂದಾ ಮುಕ್ತಾ ಹಾಡಿದ ಕ್ಷೇತ್ರಜ್ಞ ಕವಿಯ ಪದಗಳಲ್ಲಿ (ನಿಧಾನವಾದ ಶೃಂಗಾರದ ಹಾಡುಗಳಲ್ಲಿ) ಓಟ ಇಲ್ಲ, ಅಬ್ಬರ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲೇ ಎಲ್ಲ ಇರುತ್ತದೆ. ಅಷ್ಟು ನಿಧಾನದಲ್ಲಿ ಇಬ್ಬರು ಕೂಡಿ ಹಾಡುವುದು ವೇಗದಲ್ಲಿ ಹಾಡುವುದಕ್ಕಿಂತ ಎಷ್ಟೋ ಪಾಲು ಕಷ್ಟ. ಯಾರಾದರೂ ಜೋಡಿ ಹಾಡು ಕಲಿಯಬೇಕು ಅಂದರೆ ನಾನು ಮೊದಲು ಇವರ ಧ್ವನಿಮುದ್ರಣ ಕೇಳಿಸುತ್ತೇನೆ.

ಎರಡನೆಯ ಕಾರಣ ತೀರಾ ಸಾಮಾನ್ಯ. ದಿನಕ್ಕೆ ನಾಲ್ಕೈದು ಗಂಟೆ ಜೊತೆಯಲ್ಲಿ ಅಭ್ಯಾಸ ಮಾಡಲು ಬೇರೆ ಮನೆಯವರು ಎಲ್ಲಿ ಸಿಗುತ್ತಾರೆ? ಊರೂರು ತಿರುಗುವಾಗ ಹೆಣ್ಣುಮಕ್ಕಳಿಗೆ ಒಬ್ಬರಿಗೊಬ್ಬರು ಜೊತೆ ಅನ್ನುವುದೂ ಇತ್ತು.

ಉತ್ತರದ ಕಡೆ

ಹಿಂದೂಸ್ತಾನಿಯಲ್ಲಿ ಇದಕ್ಕೆ ಜುಗಲ್‌ಬಂದಿ ಅನ್ನುತ್ತಾರೆ. ಹಂಚಿಕೆ ಬೇರೆ ಥರ. ಅಲ್ಲಿ ಹೆಚ್ಚು ಹಾಡುವ ಶೈಲಿ ಖಯಾಲ್. ಖಯಾಲ್‌ನಲ್ಲಿ ಹಾಡಿನ ಸಾಹಿತ್ಯ ಚಿಕ್ಕದು, ಬೆಳೆಸುವ ಭಾಗ ದೊಡ್ಡದು. ವಿಲಂಬಿತ (ನಿಧಾನದ) ಏಕತಾಳಕ್ಕೆ 12 ಮಾತ್ರೆ. ಮಾತ್ರೆಗೆ ನಾಲ್ಕು ಸೆಕೆಂಡ್ ಅಂದುಕೊಂಡರೂ ಒಂದು ಸುತ್ತಿಗೆ 48 ಸೆಕೆಂಡ್. ಆ ಸುತ್ತಿನಲ್ಲಿ ಒಬ್ಬರು ರಾಗ ಬೆಳೆಸುತ್ತಾರೆ. ಕೊನೆಗೆ ಹಾಡಿನ ಮೊದಲ ತುಣುಕು, ಮುಖಡಾ, ಬಂದಾಗ ಇನ್ನೊಬ್ಬರೂ ಸೇರಿ ಸಮಕ್ಕೆ ಇಳಿಯುತ್ತಾರೆ. ಮುಂದಿನ ಸುತ್ತು ಅವರದ್ದು. ಬನಾರಸ್ ಘರಾಣೆಯ (ಹಾಡುವ ಪರಂಪರೆಯ) ರಾಜನ್ ಮತ್ತು ಸಾಜನ್ ಮಿಶ್ರಾ ಇದನ್ನು ಒಂದೇ ಮಾತಿನ ಎರಡು ವಾಕ್ಯಗಳ ಹಾಗೆ ಹಾಡುತ್ತಿದ್ದರು. ಶಾಮ್ ಚೌರಾಸಿ ಘರಾಣೆಯ ನಜಾಕತ್ ಅಲಿ, ಸಲಾಮತ್ ಅಲಿ ಖಾನರದ್ದು ಬೇರೆಯೇ ಬಿಸಿ. ಒಬ್ಬರು ನೆಲ ಹಾಸಿ ಕೊಟ್ಟರೆ ಇನ್ನೊಬ್ಬರು ಲಯದಲ್ಲಿ ಹಾರುತ್ತಿದ್ದರು. ಅಷ್ಟು ಕೂಡಿದ ಜೋಡಿಯೂ ಕೊನೆಗೆ ಬೇರೆ ಬೇರೆಯಾಗಿ ಹಾಡಿತು.

ನಮ್ಮ ನಾಡಿಗೆ ಹತ್ತಿರದ ಹೆಸರು ಹೇಳಬೇಕು ಅಂದರೆ ಅಬ್ದುಲ್ ಕರೀಂ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರು. ಅವರು ಹರೆಯದಲ್ಲಿ ತಮ್ಮ ಅಬ್ದುಲ್ ಹಕ್ ಜೊತೆ ಹಾಡುತ್ತಿದ್ದರು. ಅವರ ಹೆಣ್ಣುಮಕ್ಕಳು ಹೀರಾಬಾಯಿ ಬಡೋದೇಕರ್ ಮತ್ತು ಸರಸ್ವತಿ ರಾಣೆ. ಇಬ್ಬರೂ ಒಂಟಿಯಾಗಿ ಹೆಸರು ಮಾಡಿದ ಮೇಲೆ ಜೋಡಿಯಾಗಿ ಕೂತರು. ಇದು ನನಗೆ ತುಂಬ ಇಷ್ಟವಾದ ವಿಷಯ. ಒಂಟಿಯಾಗಿ ನಿಲ್ಲಬಲ್ಲವರ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಒರಗುವುದಿಲ್ಲ.

ಖಯಾಲಿಗಿಂತ ಹಳೆಯ ಶೈಲಿಯಾದ ಧ್ರುಪದದಲ್ಲಿ ಜೋಡಿ ಅನ್ನುವುದು ಮನೆತನದ ಪದ್ಧತಿಯೇ ಆಗಿಹೋಗಿದೆ. ಡಾಗರ್ ಮನೆತನ ನೋಡಿ. ಜಾಕಿರುದ್ದೀನ್ ಮತ್ತು ಅಲ್ಲಾಬಂದೇ ಖಾನ್. ಎರಡು ತಲೆಮಾರಿನ ಮೇಲೆ ಮೊಯಿನುದ್ದೀನ್, ಅಮೀನುದ್ದೀನ್. ಅವರ ತಮ್ಮಂದಿರು ಜಹೀರುದ್ದೀನ್, ಫೈಯಾಜುದ್ದೀನ್. ತಾಳ ಇಲ್ಲದ ದೀರ್ಘ ಆಲಾಪದಲ್ಲಿ ಒಬ್ಬರು ಒಂದು ಸ್ವರ ಹಚ್ಚಿ ಬಿಟ್ಟರೆ ಇನ್ನೊಬ್ಬರು ಅದೇ ಸ್ವರವನ್ನು ಇನ್ನೊಂದು ಕೋನದಿಂದ ತೋರಿಸುತ್ತಾರೆ. ಎಷ್ಟೋ ಸಲ ಯಾರು ಬಿಟ್ಟರು, ಯಾರು ಹಿಡಿದರು ಅಂತ ತಿಳಿಯುವುದೇ ಇಲ್ಲ.

ಅಣ್ಣ ತಂಗಿ ಯಾಕೆ ಕಡಿಮೆ

ಪಟ್ಟಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅಣ್ಣ ತಮ್ಮ ಇದ್ದಾರೆ, ಅಕ್ಕ ತಂಗಿ ಇದ್ದಾರೆ. ಅಣ್ಣ ತಂಗಿ ಹಾಡುವ ಜೋಡಿ ಅಪರೂಪ. ತೊಂದರೆ ಶ್ರುತಿಯದು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿದರೆ ಗಂಡಸರ ಷಡ್ಜ ಸಾಮಾನ್ಯವಾಗಿ ಒಂದನೇ ಮನೆ, ಎರಡನೇ ಮನೆಯ ಆಸುಪಾಸು. ಹೆಂಗಸರದು ಐದು, ಐದೂವರೆ, ಆರು. ಒಂದೇ ಶ್ರುತಿಗೆ ಕೂರಿಸಿದರೆ ಅಣ್ಣ ಮೇಲೆ ಕಿರುಚಬೇಕು, ಇಲ್ಲ ತಂಗಿ ಕೆಳಗೆ ಗೊಣಗಬೇಕು. ವಾದ್ಯಕ್ಕೆ ಈ ಕಷ್ಟ ಇಲ್ಲ. ಲಾಲ್ಗುಡಿ ಕೃಷ್ಣನ್ ಮತ್ತು ತಂಗಿ ವಿಜಯಲಕ್ಷ್ಮಿ ಪಿಟೀಲಿನಲ್ಲಿ ಹಾಯಾಗಿ ಜೋಡಿಯಾದರು.

ಹಾಡಿಗೂ ಒಂದು ದಾರಿ ಇದೆ. ಪಂಡಿತ್ ಜಸರಾಜ್ ಬೆಳಕಿಗೆ ತಂದ ಜಸರಂಗಿ. ಗಂಡಸಿನ ಮಧ್ಯಮವನ್ನೇ ('ಮ' ಸ್ವರವನ್ನೇ) ಹೆಂಗಸು ತನ್ನ ಷಡ್ಜ ಮಾಡಿಕೊಳ್ಳುತ್ತಾಳೆ. ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ, ತಮ್ಮ ತಮ್ಮ ರಾಗದಲ್ಲಿ, ಆದರೆ ಅವೇ ಮನೆಗಳ ಮೇಲೆ ಹಾಡುತ್ತಾರೆ. ಹಾರ್ಮೋನಿಯಂ ಇದ್ದರೆ ಮಾಡಿ ನೋಡಿ. ಆಭೋಗಿಯ ಸ್ವರಗಳು ಸ ರಿ ಗ ಮ ದ. ಈಗ ಅದರ ಮಧ್ಯಮವನ್ನು ಸ ಅನ್ನಿ. ದ ಆಗ ಗ ಆಗುತ್ತದೆ, ಮೇಲಿನ ಸ ಪ ಆಗುತ್ತದೆ, ರಿ ದ ಆಗುತ್ತದೆ, ಗ ನಿ ಆಗುತ್ತದೆ. ಸ ಗ ಪ ದ ನಿ. ನಮ್ಮ ವಲಚಿ, ಉತ್ತರದವರ ಕಲಾವತಿ. ಐದೇ ಮನೆ, ಎರಡು ರಾಗ. ನಮ್ಮವರು ಇದನ್ನು ಗ್ರಹಭೇದ ಅಂತ ಬಹಳ ಹಿಂದಿನಿಂದ ಬಲ್ಲರು.

ಹುಡುಗರ ವಿಷಯದಲ್ಲಿ ಇನ್ನೊಂದು ಪೇಚು. ಚಿಕ್ಕವರಿದ್ದಾಗ ಅಕ್ಕ ತಮ್ಮ ಸೊಗಸಾಗಿ ಹಾಡುತ್ತಿರುತ್ತಾರೆ. ತಮ್ಮನಿಗೆ ಹದಿಮೂರು ಹದಿನಾಲ್ಕಾಗಿ ಗಂಟಲು ಒಡೆದ ದಿನ ಜೋಡಿಯೂ ಒಡೆಯಿತು.

ನದಿ ಹರಿದ ಕಡೆ

ಕುಶಾಲನಗರದಿಂದ ಕಾವೇರಿಯ ಜೊತೆ ಕೆಳಗೆ ಹೋದರೆ ಕಣಿವೆ, ಕೊಣನೂರು, ರಾಮನಾಥಪುರ ದಾಟಿ ರುದ್ರಪಟ್ಟಣ ಸಿಗುತ್ತದೆ. ಹಾಸನ ಜಿಲ್ಲೆ, ಅರಕಲಗೂಡು ತಾಲ್ಲೂಕು. ಕೊಡಗಿನವರಿಗೆ ಅದು ಪಕ್ಕದ ಮನೆಯೇ. ಆದರೂ ಮಡಿಕೇರಿಗೆ ಬಂದವರು ರಾಜಾಸೀಟ್ ನೋಡಿ ವಾಪಸ್ ಹೋಗುತ್ತಾರೆ, ನಾವೂ ಆ ಕಡೆ ಹೋಗುವುದು ಕಡಿಮೆ. ರುದ್ರಪಟ್ಟಣ ಸಂಕೇತಿ ಸಮುದಾಯದವರ ಊರು. ಆರ್.ಕೆ. ಶ್ರೀಕಂಠನ್ (1920–2014) ಅಲ್ಲಿಯವರು. ಅವರು ಕಲಿತದ್ದು ಅಣ್ಣ, ಪಿಟೀಲು ವಿದ್ವಾಂಸ ವೆಂಕಟರಾಮ ಶಾಸ್ತ್ರಿಗಳ ಹತ್ತಿರ. ಒಡಹುಟ್ಟಿದವರು ಅಂದರೆ ಜೋಡಿಯಾಗಿ ಹಾಡಲೇಬೇಕು ಅಂತಿಲ್ಲವಲ್ಲ, ಒಬ್ಬರು ಇನ್ನೊಬ್ಬರನ್ನು ತಯಾರು ಮಾಡಬಹುದು. ಆರ್.ಕೆ. ಪದ್ಮನಾಭ ಅವರೂ ಅದೇ ಊರಿನವರು. ಅವರ ಮುತುವರ್ಜಿಯಿಂದ ಅಲ್ಲಿ ತಂಬೂರಿ ಆಕಾರದ ಮಂದಿರ ಎದ್ದಿದೆ.

ಕನ್ನಡದ ಅಣ್ಣ ತಮ್ಮ ಜೋಡಿ ಅಂದರೆ ಮೊದಲು ನೆನಪಾಗುವ ರುದ್ರಪಟ್ಟಣಂ ಬ್ರದರ್ಸ್ ಮೂಲವೂ ಅದೇ. ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್. ತಾರಾನಾಥನ್ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯಾಗಿದ್ದರು. ಅಂದರೆ ಹಗಲೆಲ್ಲ ಪ್ರಯೋಗಾಲಯ, ಆಮೇಲೆ ಅಭ್ಯಾಸ. ಅವರ ಹಾಡಿನಲ್ಲಿ ಪೈಪೋಟಿ ಕಾಣುವುದಿಲ್ಲ. ಒಬ್ಬರು ಮಾಡಿದ್ದನ್ನು ಮೀರಿಸುವ ಆತುರ ಇನ್ನೊಬ್ಬರಿಗಿಲ್ಲ. ಬಿಸಿ ಕಡಿಮೆ ಅಂತ ಕೆಲವರು ಹೇಳಬಹುದು. ನನಗೆ ಆ ಸಮಾಧಾನವೇ ಇಷ್ಟ.

ಒಬ್ಬರು ಎದ್ದು ಹೋದರೆ

ಜೋಡಿಯ ಕಷ್ಟದ ದಿನ ಇದು. ಮೊಯಿನುದ್ದೀನ್ ಡಾಗರ್ 1966ರಲ್ಲಿ ಹೋದರು. ಅಮೀನುದ್ದೀನ್ ಅಲ್ಲಿಂದ ಒಬ್ಬರೇ ಹಾಡಿದರು, 2000ದಲ್ಲಿ ಕಣ್ಣು ಮುಚ್ಚುವವರೆಗೆ. ಕಿರಿಯ ಜೋಡಿಯಲ್ಲಿ ಫೈಯಾಜುದ್ದೀನ್ 1989ರಲ್ಲಿ ತೀರಿಕೊಂಡಾಗ ಅವರ ಮಗ ವಾಸಿಫುದ್ದೀನ್ ಅಪ್ಪನ ಜಾಗದಲ್ಲಿ ದೊಡ್ಡಪ್ಪನ ಪಕ್ಕ ಕೂತರು. 1994ರಲ್ಲಿ ದೊಡ್ಡಪ್ಪನೂ ಹೋದರು. ರಾಜನ್ ಮಿಶ್ರಾ 2021ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಬಲಿಯಾದರು. ಅವರ ಮಕ್ಕಳು ರಿತೇಶ್, ರಜನೀಶ್ ಕೂಡ ಜೋಡಿಯಾಗಿಯೇ ಹಾಡುತ್ತಾರೆ. ಬಾಂಬೆ ಸಿಸ್ಟರ್ಸ್‌ನ ಲಲಿತಾ 2023ರ ಜನವರಿಯಲ್ಲಿ ಹೋದರು.

ಉಳಿದವರ ಕಷ್ಟ ದುಃಖದ್ದು ಮಾತ್ರ ಅಲ್ಲ. ನಲವತ್ತು ಐವತ್ತು ವರ್ಷ ಸಾಲಿನ ನಡುವೆ ಉಸಿರು ಎಳೆದುಕೊಂಡು ಅಭ್ಯಾಸ ಆಗಿರುತ್ತದೆ. ಆ ಹೊತ್ತಿಗೆ ಸಾಲು ಹಿಡಿಯುತ್ತಿದ್ದವರು ಈಗ ಇಲ್ಲ. ಇನ್ನೊಬ್ಬರಿಗೆ ಅಂತ ಬಿಟ್ಟಿಟ್ಟಿದ್ದ ಮೇಲಿನ ಸ್ಥಾಯಿಗೆ ಈಗ ತಾನೇ ಹತ್ತಬೇಕು. ಹಾಡಿದ ಹಾಡನ್ನೇ ಮತ್ತೆ ಹೊಸದಾಗಿ ಕಲಿಯಬೇಕು.

ಮುಂದಿನ ಸಲ ಜೋಡಿ ಕಛೇರಿಗೆ ಹೋದರೆ ಸ್ವಲ್ಪ ಮುಂದೆ ಕೂತುಕೊಳ್ಳಿ. ಒಬ್ಬರ ಪಕ್ಕ ಪಿಟೀಲು, ಇನ್ನೊಬ್ಬರ ಪಕ್ಕ ಮೃದಂಗ ಇರುತ್ತದೆ. ಕಣ್ಣು ಇಬ್ಬರ ಕೈ ಮೇಲೆ ಇರಲಿ. ಬಿಟ್ಟುಕೊಡುವ ಮೊದಲು ಒಂದು ಸಣ್ಣ ಸೂಚನೆ ಇದ್ದೇ ಇರುತ್ತದೆ. ಒಂದು ಸ್ವರವನ್ನು ಬೇಕಿದ್ದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುವುದು, ಅಂಗೈ ಅರ್ಧ ತಿರುಗಿಸುವುದು, ತಲೆ ಒಂದಿಷ್ಟು ವಾಲಿಸುವುದು.

ಅವತ್ತು ಕುಶಾಲನಗರದಲ್ಲಿ ನಾನು ಆ ಸೂಚನೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಮುಗಿದ ಮೇಲೆ ಪ್ರಸಾದದ ಸಾಲಿನಲ್ಲಿ ಚಿಕ್ಕವಳು ನನ್ನ ಮುಂದೆಯೇ ಸಿಕ್ಕಳು. ಕೇಳಿಯೇ ಬಿಟ್ಟೆ. "ನೀನು ಯಾವಾಗ ಎತ್ತಿಕೊಳ್ಳಬೇಕು ಅಂತ ಹೇಗೆ ಗೊತ್ತಾಗುತ್ತೆ ಪುಟ್ಟಾ?"

ಅವಳು ಅಕ್ಕ ಹತ್ತಿರದಲ್ಲಿ ಇದ್ದಾಳೋ ಅಂತ ಒಮ್ಮೆ ತಿರುಗಿ ನೋಡಿದಳು. "ಅಕ್ಕ ಮೂಗುಬೊಟ್ಟು ಸರಿ ಮಾಡ್ಕೊಂಡ್ರೆ ನಾನು ತಗೋಬೇಕು ಆಂಟಿ. ಇವತ್ತು ಶೀತ ಆಗಿ ಸುಮ್ಸುಮ್ನೆ ಮೂಗು ಮುಟ್ಕೊಳ್ತಾ ಇದ್ಲು. ಅದಕ್ಕೇ ಕಲ್ಯಾಣೀಲಿ ನಾನೇ ಜಾಸ್ತಿ ಹಾಡಿದ್ದು."